ಕಳೆದುಹಾಕುವ ಕೈ

ಭಾನುವಾರ, ಸೆಪ್ಟೆಂಬರ್ 14

ಪ್ರೀತಿಯ ಅಣ್ಣನಿಗೆ,

ನಿನ್ನ ಚಿಮ್ಮಟದ ನಮಸ್ಕಾರ. ಅರವತ್ತು ತುಂಬಿದವನಿಗೆ ಐವತ್ತೈದರ ತಂಗಿ ಇನ್ನೂ ಆ ಅಡ್ಡಹೆಸರಿನಲ್ಲೇ ಕಾಗದ ಬರೆಯುವುದನ್ನು ನೋಡಿದರೆ ಅತ್ತಿಗೆ ನಗುತ್ತಾರೆ. ನಗಲಿ ಬಿಡು. ಬರೆಯುತ್ತೇನೆ, ಬರೆಯುತ್ತೇನೆ ಅಂತ ನಾಲ್ಕು ತಿಂಗಳಿಂದ ಫೋನಿನಲ್ಲಿ ಹೇಳುತ್ತಲೇ ಬಂದೆ. ತಡವಾದದ್ದಕ್ಕೆ ಕೆಲಸದ ನೆಪ ಹೇಳುವುದಿಲ್ಲ. ಮೂರು ಸಲ ಬರೆದು ಹರಿದುಹಾಕಿದೆ. ಈ ಸಲ ಹರಿಯಬಾರದು ಅಂತ ನಮ್ಮ ಯಜಮಾನರನ್ನು, ನಿನ್ನ ಭಾವನನ್ನು, ಎದುರಿಗೆ ಕೂರಿಸಿಕೊಂಡಿದ್ದೇನೆ. ಅವರು ಕಾವಲು ಕೂತವರ ಹಾಗೆ ಕಡಲೆಕಾಯಿ ಸುಲಿಯುತ್ತಿದ್ದಾರೆ.

ಕಾಗದದ ಜೊತೆ ಒಂದು ಪೆಟ್ಟಿಗೆಯೂ ಬಂದಿರುತ್ತದೆ. ಓದಿ ಮುಗಿಸುವವರೆಗೆ ಅದನ್ನು ತೆರೆಯಬೇಡ. ಒಳಗೇನಿದೆ ಅಂತ ಅಲ್ಲಾಡಿಸಿ ನೋಡಿದ ಕೂಡಲೇ ನಿನಗೆ ತಿಳಿಯುತ್ತದೆ, ಆ ಸದ್ದು ನೀನು ಮರೆತಿರಲಾರೆ. ಅತ್ತಿಗೆ ಹೋದ ತಿಂಗಳು ಫೋನ್ ಮಾಡಿ, "ರಿಟೈರ್ ಆದಾಗಿಂದ ಬೆಳಗ್ಗೆ ಪೇಪರ್ ಓದ್ತಾರೆ, ಮಧ್ಯಾಹ್ನ ಅದೇ ಪೇಪರ್ ಮತ್ತೆ ಓದ್ತಾರೆ. ಮಾತಾಡಿಸಿದ್ರೆ ಹೂಂ, ಇಲ್ಲಾಂದ್ರೆ ಉಹೂಂ. ನೀನಾದ್ರೂ ಏನಾದ್ರೂ ಮಾಡು" ಅಂದರು. ಅದಕ್ಕೇ ನಿನ್ನನ್ನು ಕರೆದೆ, ಒಂದು ತಿಂಗಳು ನಮ್ಮ ಮನೆಗೆ ಬಾ, ಮೊದಲಿನ ಹಾಗೆ ಒಂದೇ ಮೇಜಿನಲ್ಲಿ ಕೂತು ವಿಮಾನ, ಲಾರಿಗಳ ಪುಟ್ಟ ಮಾದರಿ ಕಟ್ಟೋಣ ಅಂತ. ನೀನು ನಕ್ಕು, "ಬೇಡ ಕಣೆ, ನಂದು ಕಳೆದುಹಾಕೋ ಕೈ" ಅಂದೆ. ಆ ಮಾತು ಕೇಳಿದಾಗಿನಿಂದ ನನಗೆ ಉಂಡದ್ದು ಮೈಗೆ ಹತ್ತುತ್ತಿಲ್ಲ.

ನಾನು ಇದಕ್ಕೆ ಮತ್ತೆ ಹೇಗೆ ಬಿದ್ದೆ ಅಂತ ನೀನು ಸರಿಯಾಗಿ ಕೇಳಲೇ ಇಲ್ಲ, ಆದರೂ ಹೇಳುತ್ತೇನೆ. ನಮ್ಮ ಹಲ್ಲಿನ ಲ್ಯಾಬಿಗೆ ಹೊಸ ಯಂತ್ರ ಬಂದಿದೆ. ಮೂವತ್ತು ವರ್ಷ ಒಂದೊಂದೇ ಹಲ್ಲನ್ನು ಮೇಣದಲ್ಲಿ ತಿದ್ದಿ ಕೂರಿಸಿದವಳು ಈಗ ಗುಂಡಿ ಒತ್ತುತ್ತೇನೆ, ಯಂತ್ರ ಕೊರೆದದ್ದಕ್ಕೆ ಹೊಳಪು ಕೊಟ್ಟು ಡಬ್ಬಿಗೆ ಹಾಕುತ್ತೇನೆ. ಕೈ ಸುಮ್ಮನಿರುವುದಿಲ್ಲ. ಒಂದು ಸಂಜೆ ಬಸ್ಸಿಗೆ ಕಾಯುವಾಗ ಆಟಿಕೆ ಅಂಗಡಿಯ ಗಾಜಿನ ಹಿಂದೆ ಬೆಂಕಿ ಆರಿಸುವ ಲಾರಿಯ ಕಿಟ್ ಕಂಡಿತು. "ಎಂಟು ವರ್ಷ ಮೇಲ್ಪಟ್ಟವರಿಗೆ" ಎಂದು ಮೇಲೆ ಅಚ್ಚಾಗಿತ್ತು. ಅರ್ಹತೆಯೇನೋ ಇದೆ ಅಂತ ಧೈರ್ಯವಾಗಿ ಒಳಗೆ ನುಗ್ಗಿದೆ. "ಮೊಮ್ಮಗೂಗಾ ಮೇಡಂ? ಗಿಫ್ಟ್ ಪ್ಯಾಕ್ ಮಾಡ್ಲಾ?" ಅಂದಳು ಅಂಗಡಿಯ ಹುಡುಗಿ. "ನನಗೇ" ಅಂದೆ. ಅವಳು ಬಣ್ಣದ ಕಾಗದವನ್ನು ಮೆಲ್ಲಗೆ ಕೆಳಗಿಟ್ಟಳು.

ಮನೆಗೆ ಬಂದು ಮುಚ್ಚಳ ತೆಗೆದೆ. ಚೌಕಟ್ಟಿಗೆ ಅಂಟಿಕೊಂಡ ಪುಟ್ಟ ಪುಟ್ಟ ತುಂಡುಗಳು, ಪ್ರತಿಯೊಂದಕ್ಕೂ ನಂಬರು, ಆ ಪ್ಲಾಸ್ಟಿಕ್ ವಾಸನೆ. ಅಣ್ಣಾ, ನನ್ನ ಕೈ ಏನನ್ನೂ ಮರೆತಿರಲಿಲ್ಲ. ತುಂಡನ್ನು ಮುರಿದು ಕೀಳಬಾರದು, ಕತ್ತರಿಸಬೇಕು. ಕತ್ತರಿಸಿದ ಕಡೆ ಉಳಿದ ಗಂಟನ್ನು ಅರದಿಂದ ಉಜ್ಜಬೇಕು. ಗೋಂದು ಹಚ್ಚುವ ಮೊದಲು ಒಮ್ಮೆ ಹಾಗೆಯೇ ಜೋಡಿಸಿ ನೋಡಬೇಕು. ಎಲ್ಲವೂ ನಿನ್ನ ದನಿಯಲ್ಲೇ ಕೇಳುತ್ತಿತ್ತು. "ಅವಸರ ಮಾಡಿದ್ರೆ ಅಂಟೋದು ಬೆರಳು ಮಾತ್ರ" ಅಂತ ನೀನು ಗದರುತ್ತಿದ್ದೆಯಲ್ಲ, ಅದನ್ನು ನಾನು ಲ್ಯಾಬಿನಲ್ಲಿ ಹೊಸಬರಿಗೆಲ್ಲ ಹೇಳಿ ದೊಡ್ಡ ಮೇಸ್ತ್ರಿ ಅನ್ನಿಸಿಕೊಂಡಿದ್ದೇನೆ.

ಸೈಕಲ್ ಅಂಗಡಿಯ ಮಹಡಿಯ ಮೇಲೆ ಮಾದರಿ ಕಟ್ಟುವವರ ಒಂದು ಸಂಘವಿದೆ, ಭಾನುವಾರ ಬೆಳಗ್ಗೆ ಸೇರುತ್ತಾರೆ. ಹೆಂಗಸು ಅಂದರೆ ನಾನೊಬ್ಬಳೇ. ಲಾರಿ ಮುಗಿಸಿ ಜಂಬದಿಂದ ತೆಗೆದುಕೊಂಡು ಹೋದೆ. ಆದರೆ ಅದರ ಕಿಟಕಿಗಳು ಬೆಳ್ಳಗೆ ಮಂಜು ಕವಿದ ಹಾಗಾಗಿದ್ದವು. ಯಾಕೆಂದು ಗೊತ್ತಾಗದೆ ಎರಡು ದಿನ ಒದ್ದೆ ಬಟ್ಟೆಯಲ್ಲಿ ಒರೆಸಿದ್ದೆ. ಕ್ರೇನ್ ಓಡಿಸಿ ನಿವೃತ್ತರಾದ ಒಬ್ಬರಿದ್ದಾರೆ, ಎಲ್ಲರೂ ಕ್ರೇನಜ್ಜ ಅನ್ನುತ್ತಾರೆ. ಲಾರಿಯನ್ನು ಕೈಗೆತ್ತಿಕೊಂಡು, "ಕಿಟಕಿಗೆ ಯಾವ ಗೋಂದು ಹಾಕಿದ್ರಮ್ಮಾ?" ಅಂದರು.

"ಥಟ್ಟಂತ ಅಂಟುತ್ತಲ್ಲ, ಅದು."

"ಅದರ ಹೊಗೆ ಕೂತ್ಕೊಳ್ಳತ್ತೆ. ಕಿಟಕಿಗೆ ಬಡಗಿಗಳ ಬಿಳಿ ಗೋಂದು ಹಾಕ್ಬೇಕು. ಬನ್ನಿ, ನಿಮಗೊಂದು ಜಾಗ ತೋರಿಸ್ತೀನಿ."

ಮೂಲೆಯಲ್ಲಿ ಒಂದು ಕಪಾಟು. ಅದರ ತುಂಬ ಕಿಟಕಿ ಬೆಳ್ಳಗಾದ ಬಸ್ಸು, ಕಾರು, ವಿಮಾನ, ರೈಲು! ಈ ತಪ್ಪು ಮಾಡದವರು ಸಂಘದಲ್ಲಿ ಒಬ್ಬರೂ ಇಲ್ಲವಂತೆ. ಹಾಗೆ ಹಾಳಾದ ಮೊದಲ ಮಾದರಿಯನ್ನು ಅಲ್ಲಿ ಇಡುವುದೇ ಸದಸ್ಯತ್ವ. ಕ್ರೇನಜ್ಜ ಕಟ್ಟಿದ ಕ್ರೇನೂ ಅಲ್ಲೇ ಇದೆ, ಚಾಲಕ ಕುರುಡನ ಹಾಗೆ ಕೂತಿದ್ದಾನೆ. ಎಲ್ಲದರ ಮುಂದೆಯೂ ಒಂದು ಚೀಟಿ, ಅದರಲ್ಲಿ ಎರಡು ಸಾಲು: ಕಟ್ಟಿದವರು, ಕಲಿಸಿದವರು. ಮೊದಲ ಸಾಲಿನಲ್ಲಿ ನನ್ನ ಹೆಸರು ಬರೆದೆ. ಎರಡನೆಯದರಲ್ಲಿ "ನನ್ನ ಅಣ್ಣ" ಎಂದು ಬರೆದು, ಕಣ್ಣಿಗೆ ಧೂಳು ಬಿತ್ತು ಅಂತ ಸುಳ್ಳು ಹೇಳಿ ಮುಖ ತೊಳೆಯಲು ಹೋದೆ.

ಅಣ್ಣಾ, ನಾನು ಇದುವರೆಗೆ ತಿಂದ ಅನ್ನವೆಲ್ಲ ನಿನ್ನ ಮೇಜಿನ ಪಕ್ಕ ನಿಂತು ಕಲಿತದ್ದರಿಂದ ಬಂದದ್ದು. ನಿನ್ನ ದಪ್ಪ ಬೆರಳಿಗೆ ಸಿಗದ ತುಂಡನ್ನು ಹಿಡಿಯಲು ನನ್ನನ್ನು ಕರೆಯುತ್ತಿದ್ದೆ, ಚಿಮ್ಮಟ ಅಂತ ಹೆಸರಿಟ್ಟೆ. ನೀನು ಕರೆಯದೇ ಹೋಗಿದ್ದರೆ ನನಗೆ ಈ ಕೈಯ ಬೆಲೆ ಗೊತ್ತಾಗುತ್ತಿರಲಿಲ್ಲ. ಸಾವಿರಾರು ಮಂದಿ ನಾನು ಕಟ್ಟಿದ ಹಲ್ಲಿನಲ್ಲಿ ಊಟ ಮಾಡುತ್ತಿದ್ದಾರೆ. ಅದರಲ್ಲಿ ಅರ್ಧ ಪುಣ್ಯ ನಿನ್ನದು. ಇದನ್ನು ಬಾಯಿಬಿಟ್ಟು ಒಮ್ಮೆಯೂ ಹೇಳಲಿಲ್ಲವಲ್ಲ ಅಂತ ನಾಚಿಕೆಯಾಗುತ್ತದೆ.

ಹೋದ ವಾರ ಲಾರಿಯ ತಮ್ಮನಂಥ ಇನ್ನೊಂದನ್ನು ಕಟ್ಟುವಾಗ ನೀರಿನ ಕೊಳವೆಯ ಮೂತಿ ಕೈಜಾರಿ ಬಿತ್ತು. ಸಾಸಿವೆಗಿಂತ ತುಸು ದೊಡ್ಡದು. ನಾನು ನೆಲಕ್ಕೆ ಕೆನ್ನೆ ಆನಿಸಿ ಟಾರ್ಚ್ ಬಿಟ್ಟು ಹುಡುಕುತ್ತಿದ್ದೆ. ನಿನ್ನ ಭಾವ ಮೊಣಕಾಲು ನೋವನ್ನೂ ಮರೆತು ಪಕ್ಕದಲ್ಲಿ ತೆವಳುತ್ತಾ, "ಎಲ್ಲಿಗೆ ಹೋಗತ್ತೆ, ಇಲ್ಲೇ ಎಲ್ಲೋ ಇರತ್ತೆ" ಅಂದರು. ನೀನೂ ಆವತ್ತು ಇದೇ ಮಾತು ಅಂದಿದ್ದೆ. ನಾನು ಅಲ್ಲೇ ಕೂತುಬಿಟ್ಟೆ.

ನಿನಗೆ ಗೊತ್ತಿರುವುದನ್ನೇ ಬರೆಯುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡ. ನಿನಗೆ ಹದಿನಾರು, ನನಗೆ ಹನ್ನೊಂದು. ಮೇಲೊಂದು ಕೆಳಗೊಂದು ರೆಕ್ಕೆಯಿದ್ದ ಆ ವಿಮಾನಕ್ಕೆ ನಾವು ಇಡೀ ಬೇಸಿಗೆ ರಜೆಯನ್ನೇ ಕೊಟ್ಟಿದ್ದೆವು. ಶಾಲೆಯ ಪ್ರದರ್ಶನಕ್ಕೆ ಎರಡು ದಿನ ಇರುವಾಗ ಅದರ ಮೂತಿಯ ಪಂಖ ಕಾಣೆಯಾಯಿತು. ನೀನು ಮಂಚ ಎಳೆದೆ, ಕಸದ ಬುಟ್ಟಿ ಸುರಿದೆ. ಪಂಖವಿಲ್ಲದ ವಿಮಾನವನ್ನು ಮೇಷ್ಟ್ರು ಮೇಜಿನ ಮೇಲೆ ಇಡಲೂ ಬಿಡಲಿಲ್ಲ. ನಿನ್ನನ್ನು ಕೆಲಸ ಕಲಿಯಲು ಸೇರಿಸಿಕೊಳ್ಳುತ್ತೇನೆ ಅಂದಿದ್ದ ಗಡಿಯಾರದಂಗಡಿಯವರಿಗೆ ಅಪ್ಪ ತಾವೇ ಹೋಗಿ, "ಬೇಡ ಸ್ವಾಮಿ, ಇವನದು ಕಳೆದುಹಾಕೋ ಕೈ. ನಿಮಗೆ ನಷ್ಟ ಆಗತ್ತೆ" ಅಂದುಬಿಟ್ಟರು. ನೀನು ಸಿಮೆಂಟ್ ಗೋದಾಮಿಗೆ ಸೇರಿದೆ. ಕೇಳಿದವರಿಗೆಲ್ಲ, "ಮೂಟೆ ಕಳೆದುಹೋಗಲ್ವಲ್ಲ, ನನಗೆ ಅದೇ ಸರಿ" ಅಂತ ತಮಾಷೆ ಮಾಡುತ್ತಿದ್ದೆ. ಎಲ್ಲರೂ ನಗುತ್ತಿದ್ದರು. ನಾನೂ ನಕ್ಕಿದ್ದೇನೆ.

ಕಾಗದ ಉದ್ದವಾಯಿತು. ಬಾ ಅಣ್ಣಾ, ಕಿಟಕಿ ಪಕ್ಕದ ಮೇಜು ಇಬ್ಬರಿಗೆ ಧಾರಾಳವಾಗಿ ಸಾಕು. ಕ್ರೇನಜ್ಜನಿಗೆ ನಿನ್ನ ವಿಷಯ ಹೇಳಿದ್ದೇನೆ, "ಕಲಿಸಿದವರನ್ನ ಕರ್ಕೊಂಡ್ ಬನ್ನಿ, ನೋಡ್ಬೇಕು" ಅನ್ನುತ್ತಾರೆ. ಅತ್ತಿಗೆಗೆ ನನ್ನ ನಮಸ್ಕಾರ, ಮಗಳು ಅಳಿಯನಿಗೆ ಆಶೀರ್ವಾದ, ಮೊಮ್ಮಗಳ ಎರಡೂ ಕೆನ್ನೆಗೆ ಅತ್ತಜ್ಜಿಯ ಮುತ್ತು. ನಿನ್ನ ಮೊಣಕೈ ನೋವು ಬೇಗ ವಾಸಿಯಾಗಲಿ. ನೂರು ಕಾಲ ನೀನು ನೆಮ್ಮದಿಯಾಗಿರಬೇಕು, ನನಗೆ ಅದಕ್ಕಿಂತ ಹೆಚ್ಚಿನ ಆಸೆ ಇಲ್ಲ.

ಇಂತಿ ನಿನ್ನ,
ಚಿಮ್ಮಟ

ತಾ.ಕ.: ನಿನ್ನ ಭಾವ ಕಡಲೆಕಾಯಿ ಬಿಟ್ಟು, "ಬರೆದೆಯಾ?" ಅಂತ ಕೇಳುತ್ತಿದ್ದಾರೆ. ಇನ್ನೂ ಬರೆದಿಲ್ಲ. ಈಗ ಬರೆಯುತ್ತೇನೆ.

ಪಂಖ ಕಳೆದುಹೋಗಲಿಲ್ಲ, ಅಣ್ಣಾ. ನಾನು ತೆಗೆದೆ. ಪ್ರದರ್ಶನದ ಚೀಟಿಯಲ್ಲಿ ನೀನು ನಿನ್ನ ಹೆಸರೊಂದನ್ನೇ ಬರೆದಿದ್ದೆ. ರೆಕ್ಕೆಯ ನಡುವಿನ ಅಷ್ಟೂ ದಾರ ಕಟ್ಟಿದವಳು ನಾನು ಅಂತ ಹೊಟ್ಟೆ ಉರಿಯಿತು. ನನ್ನ ಹೆಸರು ಸೇರಿಸಿದರೆ ಕೊಡೋಣ ಅಂತ ಜಾಮಿಟ್ರಿ ಡಬ್ಬಿಯಲ್ಲಿಟ್ಟೆ. ಅಷ್ಟರಲ್ಲಿ ಅಪ್ಪ ನಿನಗೆ ಹೊಡೆದರು. ನನಗೂ ಬೀಳುತ್ತದೆ ಅಂತ ಹೆದರಿ ಅದನ್ನು ಬೀದಿಯ ಚರಂಡಿಗೆ ಎಸೆದೆ. ಬಂದು ನಿನ್ನ ಜೊತೆ ಮಂಚದಡಿ ತೂರಿ, ಇಡೀ ಮಧ್ಯಾಹ್ನ ಹುಡುಕಿದಂತೆ ನಟಿಸಿದೆ. "ಸಾಕು ಬಿಡು ಪುಟ್ಟಿ, ಮೊಣಕೈ ತರಚ್ತು ನೋಡು" ಅಂತ ನೀನೇ ನನ್ನನ್ನು ಹೊರಗೆಳೆದು ಗಾಯ ತೊಳೆದೆ. ಆಗಲಾದರೂ ಬಾಯಿ ಬಿಡಬಹುದಿತ್ತು. ನಲವತ್ತನಾಲ್ಕು ವರ್ಷವಾಯಿತು.

ಫೋನಿನಲ್ಲಿ ಹೇಳಿದ್ದರೆ "ಹೋಗ್ಲಿ ಬಿಡೆ" ಅಂದುಬಿಡುತ್ತಿದ್ದೆ. ಹಾಗೆ ಅನ್ನಬೇಡ. ಬೇಕಾದಷ್ಟು ದಿನ ನನ್ನ ಮೇಲೆ ಸಿಟ್ಟು ಮಾಡಿಕೋ, ಬೈದು ಬರೆ, ಬರೆಯದೆಯೂ ಇರು. ನಮ್ಮ ಮನೆಗೆ ಬರಲು ಮನಸ್ಸಾಗದಿದ್ದರೆ ಬರಬೇಡ. ಪೆಟ್ಟಿಗೆ ಮಾತ್ರ ತೆರೆ. ಅದೇ ಎರಡು ರೆಕ್ಕೆಯ ವಿಮಾನದ ಕಿಟ್, ಪಂಖವೂ ಇದೆ. ನಿನ್ನ ಕೈ ಯಾವತ್ತೂ ಏನನ್ನೂ ಕಳೆದುಹಾಕಲಿಲ್ಲ.