ಚಿಗವ್ವನ ನೂಲಿನ ಚೀಲ

ಚಿಗವ್ವ,

ಅಕ್ಷರ ಬಾರದ ನಿನಗೆ ನಾನು ಕಾಗದ ಬರೆಯುತ್ತಿರುವುದು ಇದೇ ಮೊದಲು. ನೀನಿದ್ದಾಗ ಓದಿ ಹೇಳಲು ಯಾರನ್ನಾದರೂ ಕರೆಯಬೇಕಾಗುತ್ತಿತ್ತು. ಈಗ ಆ ತೊಂದರೆ ಇರಲಾರದು.

ನಿನ್ನ ದಿನಕರ್ಮ ಮುಗಿದ ಮರುದಿನ ಗುರುಗುಂಟಾದ ಮನೆಯಲ್ಲಿ ನಿನ್ನ ಮಗ ಬೀರಪ್ಪ ಅಟ್ಟ ಖಾಲಿ ಮಾಡುತ್ತಿದ್ದ. ಹಳೆಯ ಸೀರೆಯಲ್ಲಿ ಸುತ್ತಿಟ್ಟ ಕರಿ ಉಣ್ಣೆಯ ನೂಲಿನ ಗಂಟು ಕೆಳಗೆ ಬಿತ್ತು. ನೀನೇ ನೂತದ್ದು.

"ಹೋದ ಸಲ ಕತ್ತರಿಸಿದ ಉಣ್ಣಿ ಜೋಡಿ ಇದನ್ನೂ ಹಳ್ಳಕ್ಕ ಒಗದು ಬರ್ತೀನಿ" ಅಂದ.

"ಕೊಡಿಲ್ಲಿ. ಚೀಲ ಮಾಡ್ತೀನಿ."

"ಉಣ್ಣಿ ಚೀಲ? ಅಕ್ಕ, ಸಾಲಿ ಬಿಟ್ಟ ಮ್ಯಾಲ ನಿನಗ ಹೊತ್ತು ಹೋಗವಲ್ದು." ನಕ್ಕ. ಆಮೇಲೆ ನಗು ನಿಲ್ಲಿಸಿ ಹೇಳಿದ, "ಆಗ್ಲಿ. ಚೀಲ ಆದ್ರ ಮುಂದಿನ ಸಲದ ಉಣ್ಣಿ ಒಗಿಯಂಗಿಲ್ಲ. ಆಗ್ಲಿಲ್ಲಂದ್ರ ಇನ್ ಮ್ಯಾಲ ನನ್ ಮುಂದ ಭಾಷಣ ಮಾಡಬ್ಯಾಡ."

ಭಾಷಣ ಮಾಡದೆ ಏನು ಮಾಡಲಿ, ಹೇಳು? ನಾನು ಲಂಗ ತೊಟ್ಟಿದ್ದಾಗ ಕುರಿ ಕತ್ತರಿಸುವ ದಿನ ನಿನ್ನ ಮಗ್ಗುಲಲ್ಲಿ ಕೂತು ಕರಿಯದು, ಕಂದು, ಬಿಳಿಯದು ಬೇರೆ ಮಾಡುತ್ತಿದ್ದೆ. ನೇಕಾರರು ಮನೆ ಬಾಗಿಲಿಗೆ ಬಂದು ಕಾಯುತ್ತಿದ್ದರು. ಈಗ ಮಸ್ಕಿ ರಸ್ತೆಯ ಬದಿಯ ತಗ್ಗಿನಲ್ಲಿ ಅದೇ ಉಣ್ಣೆ ಮಳೆಗೆ ಕೊಳೆಯುತ್ತದೆ, ನಾಯಿಗಳು ಅದರ ಮೇಲೆ ಮಲಗುತ್ತವೆ. ಲಿಂಗಸುಗೂರಿನ ಒಂದು ಸಮಾರಂಭದಲ್ಲಿ ಅತಿಥಿಗಳಿಗೆಲ್ಲ ಕಂಬಳಿ ಹೊದಿಸಿ ನಮ್ಮ ಸಂಸ್ಕೃತಿಯ ಬಗ್ಗೆ ಗಂಟೆಗಟ್ಟಲೆ ಮಾತಾಡಿದರು. ಮುಗಿದ ಮೇಲೆ ಹೋಗಿ ಮುಟ್ಟಿ ನೋಡಿದೆ. ಪ್ಲಾಸ್ಟಿಕ್ ನೂಲು, ಎಲ್ಲಿಯದೋ ಮಿಲ್ಲಿನದು. "ಇದರಾಗ ಉಣ್ಣಿ ಐತೇನ್ರೀ?" ಅಂದರೆ ಸಂಘಟಕ, "ಕಂಬಳಿ ಅಂದ್ರ ಕಂಬಳಿ ರೀ ಮೇಡಂ, ಊಟಕ್ಕ ನಡೀರಿ" ಅಂದ. ಊಟ ಮಾಡದೆ ಸಿಂಧನೂರಿನ ನನ್ನ ಮನೆಗೆ ಬಸ್ಸು ಹತ್ತಿದೆ.

ಬಂಗಾಳಿ ನಿರಾಶ್ರಿತರ ಆರ್.ಎಚ್. ಕ್ಯಾಂಪಿನ ಮಾಲತಿದೀದಿಯ ಬಗ್ಗೆ ನಿನಗೆ ಹೇಳಿದ್ದೆನಲ್ಲ, ನನ್ನ ಜೊತೆ ಶಾಲೆಯಲ್ಲಿ ಹೊಲಿಗೆ ಕಲಿಸುತ್ತಿದ್ದವಳು? ಕ್ರೋಶಾ ಕಡ್ಡಿ ಹಿಡಿಯಲು ಕಲಿಸಿದ್ದು ಅವಳೇ. ಚೀಲದ ನಕ್ಷೆಯನ್ನು ಚೌಕದ ಹಾಳೆಯ ಮೇಲೆ ಬರೆದುಕೊಂಡು ಅವಳ ಹತ್ತಿರ ಹೋದೆ. ದುಂಡನೆಯ ತಳ, ಮೊಳದುದ್ದದ ಗೋಡೆ, ಹೆಗಲಿಗೆ ಪಟ್ಟಿ. ಹೆಣೆದಾದ ಮೇಲೆ ಬಿಸಿನೀರಿನಲ್ಲಿ ಸಾಬೂನು ಹಾಕಿ ತಿಕ್ಕಿದರೆ ಉಣ್ಣೆಯ ಕೂದಲು ಒಂದಕ್ಕೊಂದು ಹೆಣೆದುಕೊಂಡು, ಹೆಣಿಗೆಯ ಕಣ್ಣು ಮುಚ್ಚಿ, ದಪ್ಪನೆಯ ಅರಿವೆಯಾಗುತ್ತದೆ. "ಬೇಕಾದ್ದಕ್ಕಿಂತ ದೊಡ್ಡದು ಮಾಡು ದೀದಿ" ಅಂದಳು. "ಬಿಸಿನೀರು ನೋಡಿ ಉಣ್ಣೆ ಹೆದರ್ತದೆ, ಸಣ್ಣದು ಆಗ್ತದೆ. ಮೊದಲು ಸಣ್ಣ ತುಂಡು ಮಾಡಿ ನೋಡು."

ಅಂಗೈ ಅಗಲದ ಆ ತುಂಡನ್ನು ಬಚ್ಚಲಿನಲ್ಲಿ ಕೂತು ತಿಕ್ಕಿದ್ದು ನೆನೆದರೆ ಈಗಲೂ ನಾಚಿಕೆ. ಕೈ ಉರಿ ಎದ್ದಿತು. ಒಂದು ಕಣ್ಣೂ ಮುಚ್ಚಲಿಲ್ಲ, ಒಂದು ನೂಲೂ ಕುಗ್ಗಲಿಲ್ಲ. ಅಂಗಡಿಯ ಸುಳ್ಳು ಉಣ್ಣೆ ಮಾತ್ರ ಹೀಗೆ ಜಡವಾಗಿರುತ್ತದೆ. ಆಗ ನನ್ನ ಮನಸ್ಸಿಗೆ ಬಂದದ್ದನ್ನು ಹೇಳಿಬಿಡುತ್ತೇನೆ. ನೀನೂ ಕಡೆಗಾಲಕ್ಕೆ ಅಂಗಡಿ ನೂಲು ಬೆರೆಸಿದೆಯೇನೋ, ನಿನ್ನ ಕೈಯೂ... ಕ್ಷಮಿಸು ಚಿಗವ್ವ.

ಸೋಲೊಪ್ಪಿಕೊಳ್ಳಲೆಂದೇ ಗುರುಗುಂಟಾಕ್ಕೆ ಹೋದ ದಿನ ಬೀರಪ್ಪ ಕುರಿಗಳ ಹಿಂದೆ ಹೋಗಿದ್ದ. ನಿನ್ನ ಸೊಸೆ ರೇಣುಕಾ ತುಂಡನ್ನು ಬೆರಳಲ್ಲಿ ಹೊಸಕಿ, ಮೂಸಿ ನೋಡಿದಳು.

"ಅಕ್ಕಾರ, ಇದು ಹಾಸಿನ ನೂಲು. ಅತ್ತಿ ಹುಣಚಿಬೀಜದ ಗಂಜಿ ಕುಡಿಸ್ಯಾಳ ಇದಕ್ಕ. ಹೊಟ್ಟಿ ತುಂಬ ಗಂಜಿ ಕುಡದದ್ದು ಮೈ ಹ್ಯಾಂಗ ಬಗ್ಗಸ್ತದ?"

"ಹಂಗಂದ್ರ?"

"ಮೂರು ದಿನ ನೆನಿ ಹಾಕ್ರಿ, ನೀರು ಬದಲಿ ಮಾಡಿ. ಇಷ್ಟ್ ಬುಕ್ಕು ಓದೀರಿ, ಇದು ಗೊತ್ತಿಲ್ಲೇನು?"

ಗೊತ್ತಿತ್ತು. ಮಗ್ಗಕ್ಕೆ ಏರುವ ಮೊದಲು ಹಾಸಿನ ಉದ್ದೆಳೆಯ ನೂಲನ್ನು ಓಣಿಯುದ್ದಕ್ಕೂ ಬಿಗಿದು, ಎಳೆ ಗಟ್ಟಿಯಾಗಲೆಂದು ನೀನು ಗಂಜಿ ಬಳಿಯುತ್ತಿದ್ದೆ. ನಾವು ಅಡಿಯಲ್ಲಿ ನುಸುಳಿದರೆ ಬೈಯುತ್ತಿದ್ದೆ. ಯಾವ ಚುನಾವಣೆಯಲ್ಲಿ ಯಾರು ಯಾವ ಮಾತು ಕೊಟ್ಟು ತಪ್ಪಿದರೆಂದು ಸಾಲಾಗಿ ಹೇಳಬಲ್ಲ ನಾನು ಅದನ್ನು ಮರೆತಿದ್ದೆ. ಅಂದರೆ ಆ ಗಂಟು ಒಂದು ಕಂಬಳಿಯಾಗಲು ಸಿದ್ಧವಾಗಿತ್ತು. ನೇಯುವವರು ಯಾರೂ ಉಳಿದಿಲ್ಲವೆಂದು ಗೊತ್ತಿದ್ದೂ ಗಂಜಿ ಬಳಿದೆಯಾ? ಯಾರು ಬರುತ್ತಾರೆಂದು...

ನೆನೆಹಾಕಿದ ಮೂರನೆಯ ದಿನ ನೀರು ತಿಳಿಯಾಯಿತು. ನೂಲು ಒಣಗಿಸಿ, ದಪ್ಪ ಕಡ್ಡಿಯಿಂದ ಸಡಿಲವಾಗಿ, ಬೇಕಾದ್ದಕ್ಕಿಂತ ದೊಡ್ಡದಾಗಿ ಹೆಣೆದೆ. ಮಕ್ಕಳ ತೊಟ್ಟಿಲಿನಷ್ಟಾಯಿತು. ನಿಮ್ಮ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ರೇಣುಕಾ ಒಂದು ಕಡೆ, ನಾನೊಂದು ಕಡೆ ಕೂತು ತಿಕ್ಕಿದೆವು. ಒಮ್ಮೆ ಬಿಸಿನೀರು, ಒಮ್ಮೆ ತಣ್ಣೀರು. ಅರ್ಧ ತಾಸಿಗೆ ಕಣ್ಣುಗಳು ಮುಚ್ಚತೊಡಗಿದವು. ಹಿಂಡಿ, ಆಕಾರ ನಿಲ್ಲಲೆಂದು ಸ್ಟೀಲ್ ಡಬ್ಬಿಗೆ ತೊಡಿಸಿ ನೆರಳಿಗಿಟ್ಟೆವು.

ಬೀರಪ್ಪ ಬಂದವನು ಒಣಗಿದ ಚೀಲವನ್ನು ತಿರುವಿ ನೋಡಿದ. ಕಂಬಳಿ ಪರೀಕ್ಷೆ ಮಾಡುವಂತೆ ಒಂದು ಚೆಂಬು ನೀರು ಸುರಿದು ಎತ್ತಿ ಹಿಡಿದ. ಬಹಳ ಹೊತ್ತಿನ ಮೇಲೆ ತಳದಲ್ಲಿ ಹನಿ ಕೂಡಿತು.

"ಸೋರಾಕತ್ತೈತಿ. ಮಗ್ಗಲೂ ಸೊಟ್ಟ ಐತಿ. ಅವ್ವ ಇದ್ದಿದ್ರ ಬಿಚ್ಚಿಸಿ ಹೊಸದಾಗಿ ಮಾಡಸ್ತಿದ್ಲು."

"ಇನ್ನ ಬಿಚ್ಚಾಕ ಬರಂಗಿಲ್ಲ, ಬೀರಪ್ಪ. ಎಳಿ ಎಲ್ಲ ಒಂದಾಗ್ಯಾವ."

ಅವನು ನೀರು ಚೆಲ್ಲಿ, ಚೀಲವನ್ನು ಗೂಟಕ್ಕೆ ಹಾಕಿದ.

ನಿನಗೆ ತಿಳಿಯದ ಸುದ್ದಿ ಇಷ್ಟು. ಹೋದ ವಾರ ಕುರಿ ಕತ್ತರಿಸಿದರು. ಯಾವುದೂ ಹಳ್ಳಕ್ಕೆ ಹೋಗಲಿಲ್ಲ. ಬೀರಪ್ಪನೇ ಕರಿಯದನ್ನು ಬೇರೆ ಮಾಡಿ, ಥಂಡಿ ಹಿಡಿಯದ ಹಾಗೆ ಅಡಿಗೆ ಕಲ್ಲು ಹಾಕಿ ಅದರ ಮೇಲಿಟ್ಟಿದ್ದಾನೆ. ಪಡಸಾಲೆಯಲ್ಲಿ ರೇಣುಕಾ ನೂಲುವ ಕದಿರು ಹಿಡಿದು ಕೂತಿದ್ದಾಳೆ. ಎಳೆ ಒಂದು ಕಡೆ ಹಗ್ಗದಷ್ಟು ದಪ್ಪ, ಇನ್ನೊಂದು ಕಡೆ ಕಡಿದೇ ಹೋಗುತ್ತದೆ. ನಾನು ಎದುರಿಗೆ ಕೂತಿದ್ದೆ ಚಿಗವ್ವ. ಬಾಯಿ ತೆರೆಯಲಿಲ್ಲ.