ಹಿಂದಕ್ಕಷ್ಟೇ ನಡಿಯೋ ಕಾಲು

ಲೇಹ್, ನವೆಂಬರ್ 1989

ಹೊನ್ನೂರಮ್ಮಕ್ಕಗ ಶರಣು. ನಾ ಆರಾಮ ಅದೀನಿ, ನನ್ನ ಸೊಂಟ ಮಾತ್ರ ಆರಾಮಿಲ್ಲ.

ಇಲ್ಲಿ ಚಳಿಗಾಲದಾಗ ಕೆರಿ ನೀರು ಕಲ್ಲಾಗತೈತಿ. ಬೂಟಿನ ಕೆಳಗ ಕುಡಗೋಲಿನಂಥ ಅಲಗು ಬಡಕೊಂಡು ನಮ್ಮ ಮಿಲ್ಟ್ರಿಯವರು ಅದರ ಮ್ಯಾಲ ಕೋಲು ಹಿಡದು ಹಾಕಿ ಆಟ ಆಡ್ತಾರ. ನಾನೂ ಹೆಸರು ಕೊಟ್ಟೀನಿ. ಕೆರಿ ಇನ್ನೂ ಗಟ್ಟಿ ಆಗಿಲ್ಲ, ಅದಕ್ಕ ಒಣ ನೆಲದ ಮ್ಯಾಲ ತಾಲೀಮು ನಡದೈತಿ. ಹೆಗಲ ಮ್ಯಾಲ ಉಸುಕಿನ ಚೀಲ ಹೊತ್ತು, ಸೊಂಟ ಬಗ್ಗಿಸಿ ಮೈದಾನ ತುಂಬ ಓಡಾಡಬೇಕು. ನಗಬ್ಯಾಡ. ನೆಲ್ಲು ಹಚ್ಚಾಕ ಕರದ್ರ ತಪ್ಪಿಸಿಕೊಂಡು ಮಸ್ಕಿ ಬಸ್ ಹತ್ತತಿದ್ದ ನಿನ್ನ ತಮ್ಮ ಇಲ್ಲಿ ದಿನಾ ಬಗ್ಗಾಕತ್ಯಾನ.

ಮೊದಲ ದಿನ ತಾಲೀಮು ಕೊಡೋ ನಮ್ಮ ಉಸ್ತಾದ್ "ಬಗ್ಗಿ ಹಿಂದಕ್ಕ ನಡೀರಿ" ಅಂದ್ರು. ಎಲ್ಲಾರೂ ಬಿದ್ರು, ನಾ ಒಬ್ಬಾವನೇ ಸರಸರ ಹೋದೆ. ನೀ ಕಿವಿ ಹಿಂಡಿ ಗದ್ದ್ಯಾಗ ಇಳಿಸಿ, ಸಸಿ ಹಚ್ಚಿಕೋತ ಹಿಂದ ಹಿಂದಕ್ಕ ನಡಿಸಿದ್ದು ದಂಡ ಆಗಿಲ್ಲ ನೋಡು. "ಶಾಭಾಸ್, ಈಗ ಮುಂದಕ್ಕ" ಅಂದ್ರು. ಕಾಲೇ ಏಳವಲ್ದು! ಬಗ್ಗಿದ ಕೂಡಲೇ ನಿನ್ನ ದನಿ ಕೇಳಸ್ತೈತಿ: "ಮುಂದ ಕಾಲಿಟ್ಟು ಹಚ್ಚಿದ ಸಸಿ ತುಳದ್ರ ಕಾಲು ಮುರೀತೀನಿ!" ಯಾಕ ನಿಂತಿ ಅಂತ ಉಸ್ತಾದ್ ಕೇಳಿದ್ರು. "ನಮ್ಮಕ್ಕ ಬೈತಾಳ್ರೀ" ಅಂದೆ. ಅವತ್ತಿಂದ ಎಲ್ಲಾರೂ ನನ್ನ "ಅಕ್ಕನ ತಮ್ಮ" ಅಂತಾರ.

ತುಟಿ ಒಡದಾವ, ಬಾಯಿ ರುಚಿ ಕೆಟ್ಟೈತಿ. ರೊಟ್ಟಿಗೆ ಹಚ್ಚಿಕೊಂಡು ತಿನ್ನಾಕ ಗುರೆಳ್ಳು ಹಿಂಡಿ ಕಳಸು. ಕೆರಿ ಗಟ್ಟಿ ಆದ ಕೂಡಲೇ ಆಟಗಾರರನ್ನ ಆರಸ್ತಾರ. ಅಷ್ಟರಾಗ ನಮ್ಮೂರ ಸಾಲಿ ಮಾಸ್ತರ ಕೈಲೆ ಒಂದು ಸಾಲು ಬರಸಿ ಹಾಕು: "ಗ್ಯಾನ್ಯಾ, ಅಲ್ಲಿ ಸಸಿ ಇಲ್ಲಲೇ, ಮುಂದ ನಡಿ."

ಬಗ್ಗಿಕೊಂಡೇ ಬರದ
ಗ್ಯಾನಪ್ಪ