ಕಡಿಯದ ಚಾಕು

ಅಕ್ಟೋಬರ್ 14, 2001. ಭಾನುವಾರ. ಡಾರ್ಮ್‌ಸ್ಟಾಟ್

ಈ ವಾರವೂ ಮೆಟ್ಟಿಲು ತೊಳೆಯುವ ಪಾಳಿ ನಮ್ಮದೇ. ಮೂರು ಮಹಡಿ ಉಜ್ಜಿದೆ. ಮೇಲಿನ ಮನೆಯ ಫ್ರೌ ಲೋರೆಂಟ್ಸ್ ಅಜ್ಜಿ ಬಾಗಿಲು ತೆರೆದು, "ಇಷ್ಟು ಉಜ್ಜಿದರೆ ಮೆಟ್ಟಿಲೇ ಸವೆದು ಹೋದೀತು" ಅಂದಳು. ಕಾಫಿಗೆ ಕರೆದಳು. ನಮ್ಮನೆಯವರಿಗೆ ಇಲ್ಲಿಯ ಸಾಫ್ಟ್‌ವೇರ್ ಗ್ರೀನ್ ಕಾರ್ಡು, ಆಫೀಸು. ನನಗೆ ಕೆಲಸ ಮಾಡುವ ಪರವಾನಗಿ ಇಲ್ಲ. ಈ ಊರಿನಲ್ಲಿ ನನ್ನ ಜರ್ಮನ್ ಕೇಳಿಸಿಕೊಳ್ಳುವ ತಾಳ್ಮೆ ಇರುವುದು ಅಜ್ಜಿ ಒಬ್ಬಳಿಗೇ.

ಅಜ್ಜಿ ವಿಕ್ಕಾ ಅನ್ನುವ ಪಂಥದವಳು. ಹಾಗಂದರೆ ಏನೆಂದು ಮೂರು ತಿಂಗಳಾದರೂ ಪೂರ್ತಿ ತಿಳಿದಿಲ್ಲ. ದೇವಿ ಇದ್ದಾಳೆ, ಹುಣ್ಣಿಮೆ ಇದೆ, ದಿಕ್ಕಿಗೊಂದು ದೀಪ ಇದೆ... ಅಷ್ಟು ಸಾಕು ನನಗೆ. ಇವತ್ತು ಕಪಾಟು ತೆರೆದು ತೋರಿಸಿದಳು. ಬಟ್ಟಲು — ನೀರು, ತಾಯಿಯ ಹೊಟ್ಟೆ. ಐದು ಮೂಲೆಯ ನಕ್ಷತ್ರ ಕೊರೆದ ತಟ್ಟೆ — ನೆಲ. ಕೋಲು. ಧೂಪದ ಬೋಗುಣಿ. ಪೂಜೆಯ ವಿಧಿ ಬರೆದಿಟ್ಟ ಅವಳ ಪುಸ್ತಕ. ಕೊನೆಗೆ ಕಪ್ಪು ಹಿಡಿಯ ಚಾಕು. ಅದು ಏನನ್ನೂ ಕಡಿಯುವುದಿಲ್ಲವಂತೆ! ಗಾಳಿಯಲ್ಲಿ ವೃತ್ತ ಎಳೆಯಲು ಮಾತ್ರ. ಮನಸ್ಸಿನ ಗಟ್ಟಿತನಕ್ಕೆ ಗುರುತು. ಸೊಪ್ಪು ಕೊಯ್ಯಲು ಬೇರೆ ಚಾಕು, ಬಿಳಿ ಹಿಡಿಯದು. ನಮ್ಮ ಅತ್ತೆಯಾದರೆ "ಹೆಚ್ಚಾಕ ಬರಲಾರದ ಚಾಕು ಯಾಕ ಬೇಕ?" ಅನ್ನುತ್ತಿದ್ದರು.

ಅಜ್ಜಿಯ ಎರಡೂ ಕಣ್ಣಿಗೆ ಪೊರೆ. ಎರಡು ವರ್ಷದಿಂದ ಎಲ್ಲ ಮಂಜು. ಚಾಕುವನ್ನು ತಡವಿ ತಡವಿ ಎತ್ತಿದಳು, ತಡವಿಯೇ ಇಟ್ಟಳು.

ಅ. 17

ಅಜ್ಜಿ ಆಪರೇಷನ್‌ಗೆ ಹೈಡೆಲ್‌ಬರ್ಗ್‌ಗೆ ಹೊರಟಳು. ಅಲ್ಲಿಂದ ಬಾನ್‌ಗೆ, ತಂಗಿಯ ಮನೆಗೆ. ಮೂವತ್ತೊಂದಕ್ಕೆ ವಾಪಸ್ — ಅವತ್ತು ಅವರ ಹಬ್ಬ. ಸತ್ತವರಿಗೆ ಎಡೆ ಇಡುವ ದಿನ. ನಮ್ಮ ಮಹಾಲಯ ಅಮಾವಾಸ್ಯೆಯೇ ಅನ್ನಿ. ಮಗಳು ಸಿಲ್ಕೆ ಐದು ವರ್ಷದ ಹಿಂದೆ ಮೋಟಾರ್‌ಸೈಕಲ್ ಅಪಘಾತದಲ್ಲಿ ಹೋದಳು. ಇಪ್ಪತ್ತೆರಡು ವಯಸ್ಸು. ಅವಳಿಗೊಂದು ಕುರ್ಚಿ ಹಾಕುತ್ತಾಳೆ.

ಕೀಲಿಕೈ ನನ್ನ ಕೈಗೆ. ಗಿಡಕ್ಕೆ ನೀರು ಹಾಕು ಅಂದಳು. ಅಷ್ಟೇ ಅಂದಳು.

ಅ. 25, ಗುರುವಾರ

ಖಂಡೆ ಪೂಜೆ, ಆಯುಧಗಳ ಹಬ್ಬ. ಇವರು ಲ್ಯಾಪ್‌ಟಾಪಿಗೆ ಕುಂಕುಮ ಹಚ್ಚಿಸಿಕೊಂಡು, ಆಮೇಲೆ ಒರೆಸಿಕೊಂಡು ಆಫೀಸಿಗೆ ಹೋದರು. ನನ್ನ ಪಾಲಿಗೆ ಮಿಕ್ಸರ್, ಒಂದು ಕತ್ತರಿ. ಎಷ್ಟೊತ್ತು ಪೂಜೆ ಮಾಡೋದು?

ಅಜ್ಜಿಯ ಕಪಾಟು ನೆನಪಾಯಿತು. ನೀರು ಹಾಕಲು ಹೋದಾಗ ನೋಡಿದ್ದೆ — ಎಲ್ಲದಕ್ಕೂ ಧೂಪದ ಜಿಡ್ಡು, ಮೇಣ. ಪಾಪ, ಕಣ್ಣಿಲ್ಲದವಳು ಹೇಗೆ ತೊಳೆದಾಳು? ಇವತ್ತಿನ ದಿನ ಹತ್ಯಾರ ಕೊಳೆ ಹೊತ್ತು ಕೂರಬಾರದು. ಹಿತ್ತಾಳೆಗೆ ಹುಣಸೆಹಣ್ಣು. ಚಾಕುವನ್ನು ಸೋಡಾ ಹಾಕಿದ ಬಿಸಿನೀರಿನಲ್ಲಿ ನೆನೆಹಾಕಿ ಸ್ಕ್ರಬ್ಬರ್ ಹಿಡಿದೆ. ಹಿಡಿಯ ಮೇಲೆ ಬಿಳಿ ಬಿಳಿ ಮೇಣ. ಹೋಗಲೊಲ್ಲದು. ಬಿಡುವವಳೇ ನಾನು? ಕನ್ನಡಿಯಂತಾಯಿತು. ಅರಿಶಿನ, ಕುಂಕುಮ, ಒಂದು ಸೇವಂತಿಗೆ ಇಟ್ಟೆ. ಬಹಳ ದಿನದ ಮೇಲೆ ಮನಸ್ಸು ತಣ್ಣಗಾಯಿತು.

ಅ. 26

ಬನ್ನಿ ಎಲ್ಲಿ ಸಿಗಬೇಕು ಇಲ್ಲಿ? ಟ್ರಾಮ್ ಸ್ಟಾಪಿನ ಮರದ ಹಳದಿ ಎಲೆ ತಂದು ಇವರಿಗೆ ಕೊಟ್ಟೆ. "ಬನ್ನಿ ತಗೊಂಡು ಬಂಗಾರದಂಗ ಇರೋಣು" ಅಂತ ನಕ್ಕೆವು.

ಸಂಜೆ ಬಾನ್‌ನಿಂದ ಅಜ್ಜಿಯ ಫೋನು. ಪಟ್ಟಿ ಬಿಚ್ಚಿದ್ದಾರೆ, ಕಾಣಿಸುತ್ತಿದೆ! ತಂಗಿಯ ಮುಖದ ಸುಕ್ಕು ಎಣಿಸಿದಳಂತೆ. ಆಮೇಲೆ ಅಂದಳು — "ವಿಜಯಾ, ಮನೆಗೆ ಬಂದ ತಕ್ಷಣ ಮೊದಲು ನೋಡುವುದು ಆ ಚಾಕುವಿನ ಹಿಡಿ. ಸಿಲ್ಕೆ ಹತ್ತೊಂಬತ್ತನೇ ವಯಸ್ಸಿನಲ್ಲಿ ಅದರ ಮೇಲೆ ಬಿಳಿ ಬಣ್ಣದಲ್ಲಿ ನಮ್ಮ ಪೂಜೆಯ ಗುರುತುಗಳನ್ನು ಬರೆದುಕೊಟ್ಟಳು. ಅವಳ ಕೈಬರಹ ಅಂತ ನನ್ನ ಹತ್ತಿರ ಉಳಿದಿರುವುದು ಅದೊಂದೇ."

ಹೂಂ ಅಂದೆ. ಫೋನ್ ಇಟ್ಟೆ.

ಮೇಣ ಅಲ್ಲ ಅದು.

ಅ. 28

ಎರಡು ದಿನ ಊಟ ಸೇರಿಲ್ಲ. ಇವರಿಗೆ ಹೇಳಿದೆ.

"ಹುಚ್ಚಿ ಏನ್ ನೀ? ಯಾರು ತೊಳಿ ಅಂದಿದ್ರು?"

"ಯಾರೂ ಅಂದಿಲ್ಲರೀ. ಹಬ್ಬ ಇತ್ತು..."

"ಆತು, ಅಳಬ್ಯಾಡ. ಆಕಿ ಪುಸ್ತಕದಾಗ ಆ ಗುರುತು ಇರ್ತಾವ ನೋಡು. ನೋಡಿ ಬರದಿಡು. ರಂಗೋಲಿ ಹಾಕೋ ಕೈ ನಿಂದು. ಎರಡು ವರ್ಷ ಕಣ್ಣಿಲ್ಲದಾಕಿಗೆ ಏನ್ ಗೊತ್ತಾಗ್ತದ?"

ಇವರ ಮೇಲೆ ಸಿಟ್ಟು ಬಂತು. ನನ್ನ ಮೇಲೆ ಇನ್ನೂ ಹೆಚ್ಚು.

ಅ. 30

ಬರೆದೆ.

ಅಜ್ಜಿಯ ಸ್ವಂತ ಪುಸ್ತಕದಲ್ಲಿ ಚಾಕುವಿನ ಚಿತ್ರವಿತ್ತು, ಹಿಡಿಯ ಮೇಲೆ ಸಾಲಾಗಿ ಏಳು ಗುರುತು. ಸಣ್ಣ ಬ್ರಷ್, ಬಿಳಿ ಬಣ್ಣ. ಒಂದು ಗೆರೆಯೂ ನಡುಗಲಿಲ್ಲ. ಒಣಗಿದ ಮೇಲೆ ಅಗರಬತ್ತಿಯ ಹೊಗೆ ಹಿಡಿದು ಹಳತು ಮಾಡಿದೆ. ಕಳ್ಳತನ ಕಲಿಯಲು ಗುರು ಬೇಕಿಲ್ಲ.

ಅ. 31, ಬುಧವಾರ

ಅಜ್ಜಿ ಬಂದಳು. ಸಂಜೆ ಆರು ಗಂಟೆಗೆ ಮೇಲೆ ಕರೆದಳು. ಮೊದಲು ಕಸಬರಿಗೆ ಹಿಡಿದು ಕೋಣೆಯ ಗಾಳಿಯನ್ನು ಗುಡಿಸಿದಳು. ನೆಲಕ್ಕೆ ತಾಗಿಸಲೇ ಇಲ್ಲ. ಸಿಲ್ಕೆಯ ಕುರ್ಚಿ, ತಟ್ಟೆಯಲ್ಲಿ ಸೇಬು, ಬಟ್ಟಲಲ್ಲಿ ವೈನ್. ಎಲ್ಲ ಫಳಫಳ. "ನೀನು ತೊಳೆದೆಯಾ?" ಅಂತ ಕೆನ್ನೆ ತಟ್ಟಿದಳು.

ಚಾಕು ಎತ್ತಿಕೊಂಡು ದೀಪದ ಹತ್ತಿರ ಹೋದಳು. ಬಹಳ ಹೊತ್ತು ನೋಡಿದಳು. ಅತ್ತಳು. ಸಿಲ್ಕೆ, ಸಿಲ್ಕೆ ಅಂದಳು. ಉಳಿದೆ ಅಂದುಕೊಂಡೆ ನಾನು. ಥೂ ನನ್ನ.

ಆಮೇಲೆ ಹುಬ್ಬು ಗಂಟಿಕ್ಕಿದಳು. "ಮೂರನೆಯದನ್ನು ತಲೆಕೆಳಗಾಗಿ ಬರೆದಿದ್ದಳು. ನಾನು ತಿದ್ದಲು ಬಿಡಲಿಲ್ಲ. ಎಷ್ಟು ನಕ್ಕಿದ್ದೆವು... ಇದು ಸರಿಯಾಗಿಯೇ ಇದೆಯಲ್ಲ?"

ನಾನು ಸೇಬಿನ ತಟ್ಟೆಯನ್ನು ಆಚೀಚೆ ಸರಿಸಿದೆ.

ಕುರ್ಚಿಯ ಮುಂದೆ ಕುಸಿದು ಕೂತಳು. "ಹಾಗಾದರೆ ನನಗೇ ತಪ್ಪು ನೆನಪು. ಅವಳ ಬಗ್ಗೆ ಇನ್ನೂ ಏನೇನನ್ನು ತಪ್ಪಾಗಿ ನೆನಪಿಟ್ಟುಕೊಂಡಿದ್ದೇನೋ."

ಸೇಬಿನ ಹೋಳು ಕೊಟ್ಟಳು. ತಿಂದೆ. ಇಳಿದು ಬಂದೆ.

ನವೆಂಬರ್ 1, ಬೆಳಿಗ್ಗೆ 9

"ಬಾಯಿ ಬಿಡಬ್ಯಾಡ. ಆಗಿದ್ದು ಆತು" ಎಂದು ಹೇಳಿ ಇವರು ಟ್ರಾಮ್ ಹಿಡಿದರು.

ಡಿಕ್ಷನರಿ ಮುಂದಿಟ್ಟುಕೊಂಡು ಒಂದು ಗಂಟೆಯಿಂದ ವಾಕ್ಯ ಕಟ್ಟುತ್ತಿದ್ದೇನೆ. ತೊಳೆದೆ, ಅಳಿಸಿದೆ, ಬರೆದೆ, ಮುಚ್ಚಿಟ್ಟೆ. ಎಲ್ಲಕ್ಕೂ ಪದ ಸಿಕ್ಕವು. ಇನ್ನು ಅವಳು ಬಾಗಿಲು ತೆರೆಯಲಿಕ್ಕಿಲ್ಲ. ಕಾಫಿಗೆ ಕರೆಯಲಿಕ್ಕಿಲ್ಲ. ಮತ್ತೆ ನಾನು, ನಾಲ್ಕು ಗೋಡೆ.

ಮೇಲೆ ಹೆಜ್ಜೆ ಸದ್ದು. ಎದ್ದಿದ್ದಾಳೆ. ಹೋಗುತ್ತೇನೆ. ಕ್ಷಮೆ ಆಮೇಲೆ ಕೇಳಿದರಾಯಿತು. ಮೊದಲು ಇಷ್ಟು ಹೇಳಬೇಕು — ನಿಮ್ಮ ನೆನಪು ಸರಿಯಿದೆ ಫ್ರೌ ಲೋರೆಂಟ್ಸ್, ಮೂರನೆಯದನ್ನು ಸಿಲ್ಕೆ ತಲೆಕೆಳಗಾಗಿಯೇ...